ಕೇಳಿ, ಹೇಳುತ್ತೇವೆ: ಸಿ.ಡಿ. ಸಂಗ್ರಹವನ್ನು ಕಂಪ್ಯೂಟರಿಗೆ ಇಳಿಸುವುದು

ಸಂಗೀತದ ಸಿ.ಡಿ.ಗಳನ್ನು ಕಂಪ್ಯೂಟರಿಗೆ, ಅಲ್ಲಿಂದ ಜೇಬಿನ ಪ್ಲೇಯರಿಗೆ ಇಳಿಸಿಕೊಳ್ಳುವುದರ ಬಗ್ಗೆ ಬಂದ ಪ್ರಶ್ನೆಗಳು ಸಾಕಷ್ಟು ಸೇರಿದ್ದವು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಉತ್ತರಗಳೆಲ್ಲ ಒಂದೇ ನಿಲುವಿನಿಂದ ಹೊರಟಿವೆ: ಒಂದು ಡಿಸ್ಕನ್ನು ಒಂದೇ ಸಲ ರಿಪ್ ಮಾಡಬೇಕು (ಎಂದರೆ ಅದರ ಧ್ವನಿಯನ್ನು ಓದಿ ಫೈಲುಗಳಾಗಿ ಇಳಿಸಿಕೊಳ್ಳಬೇಕು), ಆ ಒಂದು ಸಲ ಸರಿಯಾಗಿ ಆಗಿದೆ ಎಂಬುದಕ್ಕೆ ದಾಖಲೆ ಕೈಯಲ್ಲಿರಬೇಕು. ಪ್ಲೇಯರಿಗೆ, ಫೋನಿಗೆ, ಕಾರಿಗೆ ಬೇಕಾದ ಪ್ರತಿಗಳನ್ನು ಆಮೇಲೆ ಎಷ್ಟು ಸಲ ಬೇಕಾದರೂ ಮಾಡಿಕೊಳ್ಳಬಹುದು.

ಪ್ರಶ್ನೆ: ಸಿ.ಡಿ. ಹಾಕಿ ಅದರಲ್ಲಿ ಕಂಡ ಫೈಲುಗಳನ್ನೆಲ್ಲ ಕಾಪಿ ಮಾಡಿ ಕಂಪ್ಯೂಟರಿನ ಫೋಲ್ಡರಿಗೆ ಪೇಸ್ಟ್ ಮಾಡಿದೆ. ಹತ್ತು ಹಾಡು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದವು. ಆದರೆ ಡಿಸ್ಕ್ ಹೊರಗೆ ತೆಗೆದರೆ ಒಂದೂ ಹಾಡುವುದಿಲ್ಲ. ಯಾಕೆ?

ಉತ್ತರ: ನಿಮ್ಮ ಫೋಲ್ಡರಿಗೆ ಬಂದದ್ದು ಹಾಡಲ್ಲ, ಹಾಡಿನ ವಿಳಾಸ. ಆಡಿಯೊ ಸಿ.ಡಿ.ಯಲ್ಲಿ ಫೈಲ್ ಎನ್ನುವುದೇ ಇರುವುದಿಲ್ಲ. ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಒಂದೇ ಉದ್ದನೆಯ ಧ್ವನಿಧಾರೆ, ಜೊತೆಗೆ ಯಾವ ಹಾಡು ಎಲ್ಲಿಂದ ಶುರು ಎಂದು ಹೇಳುವ ಒಂದು ಪಟ್ಟಿ, ಇಷ್ಟೇ. ವಿಂಡೋಸ್ ಆ ಪಟ್ಟಿಯನ್ನು ನೋಡಿ ಹಾಡಿಗೊಂದರಂತೆ ‘ಸಿಡಿಎ’ ಎಂಬ 44 ಬೈಟಿನ ಚೂರುಗಳನ್ನು ತೋರಿಸುತ್ತದೆ. ಅವುಗಳಲ್ಲಿ ಧ್ವನಿ ಇಲ್ಲ. ಮ್ಯಾಕ್‌ನಲ್ಲಿ ಇವೇ ಹಾಡುಗಳು ಎಐಎಫ್ಎಫ್ ಫೈಲುಗಳಂತೆ ಕಾಣುತ್ತವೆ. ಎಳೆದು ಹಾಕಿದರೆ ಅಲ್ಲಿ ಧ್ವನಿಯೂ ಬರುತ್ತದೆ, ಆದರೆ ಸರಿಯಾಗಿ ಬಂದಿದೆಯೇ ಎಂದು ಯಾರೂ ತಾಳೆ ನೋಡಿರುವುದಿಲ್ಲ.

ಈ ತಾಳೆ ಏಕೆ ಮುಖ್ಯ ಎಂಬುದಕ್ಕೆ ಡಿಸ್ಕಿನ ರಚನೆಯಲ್ಲೇ ಕಾರಣವಿದೆ. ಆಡಿಯೊ ಡಿಸ್ಕಿನ ಒಂದು ಸೆಕ್ಟರಿನಲ್ಲಿ 2352 ಬೈಟ್ ಇರುತ್ತದೆ, ಅದು ಸೆಕೆಂಡಿನ 75ನೇ ಒಂದು ಭಾಗದ ಧ್ವನಿ. ಕಂಪ್ಯೂಟರ್ ದತ್ತಾಂಶದ ಡಿಸ್ಕಿನಲ್ಲಿ ಅದೇ ಸೆಕ್ಟರಿನ 2048 ಬೈಟ್ ಮಾತ್ರ ದತ್ತಾಂಶಕ್ಕೆ, ಉಳಿದದ್ದು ವಿಳಾಸಕ್ಕೆ ಮತ್ತು ತಪ್ಪು ತಿದ್ದುವ ಇನ್ನೊಂದು ಪದರಕ್ಕೆ. ಆಡಿಯೊ ಡಿಸ್ಕಿನಲ್ಲಿ ಆ ಹೆಚ್ಚಿನ ಪದರವಿಲ್ಲ. ಓದಲಾಗದ ಜಾಗ ಸಿಕ್ಕರೆ ಡ್ರೈವ್ ಅಕ್ಕಪಕ್ಕದ ಮೌಲ್ಯಗಳನ್ನು ನೋಡಿ ಅಂದಾಜಿನ ಮೇಲೆ ತುಂಬಿ ಮುಂದೆ ಹೋಗುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ. ಕಿವಿಗೆ ಅದು ಒಂದು ‘ಟಿಕ್’ ಆಗಿ ಕೇಳಬಹುದು, ಕೇಳದೆಯೂ ಇರಬಹುದು. ಹಾಗಾಗಿ ಓದುವುದರ ಜೊತೆಗೆ ಪರೀಕ್ಷೆಯನ್ನೂ ಮಾಡುವ ತಂತ್ರಾಂಶ ಬೇಕು.

ಪ್ರಶ್ನೆ: ಯಾವ ತಂತ್ರಾಂಶ ಬಳಸಲಿ? ಎಕ್ಸಾಕ್ಟ್ ಆಡಿಯೊ ಕಾಪಿ ಹಾಕಿಕೊಂಡೆ. ಅದರ ಆಯ್ಕೆಗಳ ಪಟ್ಟಿ ನೋಡಿಯೇ ಕೈಬಿಟ್ಟೆ. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು?

ಉತ್ತರ: ಕೈಬಿಡಬೇಡಿ. ಮುಟ್ಟಬೇಕಾದವು ಕೆಲವೇ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ (ಮುಂದೆ ಇಎಸಿ ಎನ್ನುತ್ತೇವೆ) ಮತ್ತು ಕ್ಯೂರಿಪ್ಪರ್ ಎರಡೂ ಉಚಿತ. ಡಿಬಿಪವರ್‌ಆಂಪ್ ಹಣ ಕೊಟ್ಟು ಕೊಳ್ಳುವಂಥದ್ದು. ಮ್ಯಾಕ್‌ನಲ್ಲಿ ಎಕ್ಸ್ಎಲ್‌ಡಿ, ಲಿನಕ್ಸ್‌ನಲ್ಲಿ ವಿಪ್ಪರ್ ಇವೆ. ಫ್ರೀಎಸಿ ಮೂರರಲ್ಲೂ ಓಡುತ್ತದೆ. ಆಯ್ಕೆಗಳ ಗೊಡವೆಯೇ ಬೇಡ ಎನ್ನುವವರು ಕ್ಯೂರಿಪ್ಪರ್ ಬಳಸಿ, ಕೆಲಸಕ್ಕೆ ಏನೂ ಕಡಿಮೆಯಿಲ್ಲ. ಇಎಸಿಯಲ್ಲೇ ಮುಂದುವರಿಯುವುದಾದರೆ ಹೀಗೆ ಮಾಡಿ.

ಮೊದಲು ಡ್ರೈವ್ ಆಯ್ಕೆಗಳಿಗೆ ಹೋಗಿ ಓದುವ ಕ್ರಮವನ್ನು ‘ಸೆಕ್ಯೂರ್’ ಎಂದು ಇಡಿ. ‘ಬರ್ಸ್ಟ್’ ಎಂಬುದು ಒಂದೇ ಸಲ ಓದಿ ಮುಗಿಸುವ ಕ್ರಮ. ಸೆಕ್ಯೂರ್ ಕ್ರಮದಲ್ಲಿ ಪ್ರತಿ ಸೆಕ್ಟರನ್ನು ಕನಿಷ್ಠ ಎರಡು ಸಲ ಓದಿ ಹೋಲಿಸುತ್ತದೆ. ವ್ಯತ್ಯಾಸ ಕಂಡರೆ 16 ಸಲ ಮತ್ತೆ ಓದಿ, ಅದರಲ್ಲಿ 8 ಓದು ಒಂದೇ ಉತ್ತರ ಕೊಟ್ಟರೆ ಒಪ್ಪುತ್ತದೆ, ಇಲ್ಲವಾದರೆ ಮತ್ತೆ 16. ಹಟಮಾರಿ ಜಾಗವನ್ನು 80ಕ್ಕೂ ಹೆಚ್ಚು ಸಲ ಓದುವುದುಂಟು.

ಅಲ್ಲೇ ಮೂರು ಗುರುತಿನ ಚೌಕಗಳಿವೆ. ‘ಅಕ್ಯುರೇಟ್ ಸ್ಟ್ರೀಮ್’ ಇರಲಿ. ‘ಡ್ರೈವ್ ಕ್ಯಾಶ್ ಮಾಡುತ್ತದೆ’ ಎಂಬುದೂ ಇರಲಿ. ಇದನ್ನು ಬಿಟ್ಟರೆ ಎರಡನೇ ಓದು ಡಿಸ್ಕಿನಿಂದ ಬರದೆ ಡ್ರೈವಿನ ಒಳಗಿನ ಮೆಮೊರಿಯಿಂದಲೇ ಬರಬಹುದು. ಆಗ ಹೋಲಿಕೆ ಎನ್ನುವುದು ಹೆಸರಿಗೆ ಮಾತ್ರ, ಮೊದಲ ತಪ್ಪನ್ನೇ ಎರಡು ಸಲ ನೋಡಿ ‘ಸರಿ’ ಎಂದಂತೆ. ಮೂರನೆಯದು ಸಿ2 ದೋಷ ಮಾಹಿತಿ. ಡ್ರೈವ್ ತಾನು ತಿದ್ದಲಾಗದ ಬೈಟುಗಳನ್ನು ತಾನೇ ಹೇಳುವ ವ್ಯವಸ್ಥೆ ಇದು. ಕೆಲವು ಡ್ರೈವುಗಳು ಇದನ್ನು ನಂಬುವಂತೆ ಹೇಳುವುದಿಲ್ಲ, ಆದ್ದರಿಂದ ಇದನ್ನು ತೆಗೆದಿಡಿ. ಸ್ವಲ್ಪ ನಿಧಾನವಾಗುತ್ತದೆ, ಆಗಲಿ.

ಮುಂದಿನದು ಆಫ್‌ಸೆಟ್. ಡ್ರೈವಿಗೆ ‘ಇಲ್ಲಿಂದ ಓದು’ ಎಂದರೆ ಅದು ಕೆಲವು ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ಆಚೀಚೆಯಿಂದ ಓದಲು ಶುರುಮಾಡುತ್ತದೆ. ಈ ವ್ಯತ್ಯಾಸ ಒಂದೊಂದು ಮಾದರಿಗೆ ಒಂದೊಂದು, ಕೆಲವಕ್ಕೆ 6, ಕೆಲವಕ್ಕೆ 30, ಕೆಲವಕ್ಕೆ 667. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ 667 ಎಂದರೆ ಸುಮಾರು 15 ಮಿಲಿಸೆಕೆಂಡ್, ಕಿವಿಗೆ ಗೊತ್ತಾಗದು. ಆದರೂ ಇದನ್ನು ಸರಿಪಡಿಸಲೇಬೇಕು. ಪಡಿಸದಿದ್ದರೆ ನಿಮ್ಮ ಪ್ರತಿ ಬೇರೆಯವರ ಪ್ರತಿಗೆ ಅಂಕಿ ಅಂಕಿ ಹೊಂದುವುದಿಲ್ಲ, ಹೊಂದದೆ ಹೋಲಿಕೆಯೂ ಇಲ್ಲ. ಹೆಚ್ಚು ಜನರ ಬಳಿ ಇರುವ ಯಾವುದಾದರೂ ಡಿಸ್ಕ್ ಹಾಕಿ. ಬೇರೆಯವರ ರಿಪ್‌ಗಳ ದಾಖಲೆ ಇರುವ ಆಕ್ಯುರೇಟ್‌ರಿಪ್ ಡೇಟಾಬೇಸ್ ಅದನ್ನು ಗುರುತಿಸಿದರೆ ಆಫ್‌ಸೆಟ್ ತಾನಾಗಿ ತುಂಬಿಕೊಳ್ಳುತ್ತದೆ. ಒಂದು ಡ್ರೈವಿಗೆ ಒಂದು ಸಲ ಮಾಡಿದರೆ ಸಾಕು.

ತೆಗೆದಿಡಬೇಕಾದವು ಎರಡು: ‘ನಾರ್ಮಲೈಸ್’ (ಧ್ವನಿಯ ಮಟ್ಟ ಬದಲಿಸುವುದು) ಮತ್ತು ‘ಆರಂಭ, ಕೊನೆಯ ಮೌನವನ್ನು ಅಳಿಸು’. ಎರಡೂ ಡಿಸ್ಕಿನಲ್ಲಿರುವುದನ್ನು ಬದಲಿಸುತ್ತವೆ, ಮೂಲಪ್ರತಿಯಲ್ಲಿ ಅದು ಸಲ್ಲದು. ಕೊನೆಗೆ ಬರೀ ‘ಕಾಪಿ’ ಒತ್ತದೆ ಎರಡು ಸಲ ಓದಿ ಹೋಲಿಸುವ ‘ಟೆಸ್ಟ್ ಅಂಡ್ ಕಾಪಿ’ ಬಳಸಿ, ಪ್ರತಿ ಡಿಸ್ಕಿಗೂ ಲಾಗ್ ಫೈಲ್ ತಾನಾಗಿ ಉಳಿಯುವಂತೆ ಇಡಿ. ಹಾಡುಗಳಿರುವ ಫೋಲ್ಡರಿನಲ್ಲೇ ಆ ಲಾಗ್ ಇರಲಿ. ಐದು ವರ್ಷದ ಮೇಲೆ ‘ಇದನ್ನು ಸರಿಯಾಗಿ ಮಾಡಿದ್ದೆನೇ?’ ಎಂಬ ಅನುಮಾನ ಬಂದರೆ ಅದನ್ನು ತೀರಿಸುವುದು ಆ ಪುಟ್ಟ ಫೈಲೇ.

ಪ್ರಶ್ನೆ: ಒಂದು ಡಿಸ್ಕಿನಲ್ಲಿ ಒಂಬತ್ತು ಟ್ರ್ಯಾಕ್ ‘ನಿಖರ’ ಎಂದು ಬಂತು, ಹತ್ತನೆಯದು ಹೊಂದಲಿಲ್ಲ. ಇನ್ನೊಂದು ಡಿಸ್ಕ್ ಡೇಟಾಬೇಸಿನಲ್ಲೇ ಇಲ್ಲ ಎಂದಿತು. ಎರಡೂ ಕೆಟ್ಟವೇ?

ಉತ್ತರ: ಎರಡೂ ಬೇರೆ ಬೇರೆ ಸಂಗತಿ.

ಆಕ್ಯುರೇಟ್‌ರಿಪ್ ಮಾಡುವುದು ಇಷ್ಟು: ನಿಮ್ಮ ಟ್ರ್ಯಾಕಿನಿಂದ ಲೆಕ್ಕ ಹಾಕಿದ ಒಂದು ಮೊತ್ತವನ್ನು, ಅದೇ ಡಿಸ್ಕನ್ನು ರಿಪ್ ಮಾಡಿದ ಬೇರೆಯವರ ಮೊತ್ತದೊಡನೆ ಹೋಲಿಸುತ್ತದೆ. ‘ಕಾನ್ಫಿಡೆನ್ಸ್ 12’ ಎಂದರೆ ಅಂಥ 12 ದಾಖಲೆಗಳು ನಿಮ್ಮದಕ್ಕೆ ಹೊಂದಿದವು ಎಂದು. ಬೇರೆ ಬೇರೆ ಡ್ರೈವು, ಬೇರೆ ಬೇರೆ ಪ್ರತಿ ಒಂದೇ ಬಗೆಯ ತಪ್ಪು ಮಾಡುವುದು ಅಸಂಭವವಾದ್ದರಿಂದ 2 ಅಥವಾ 3 ಹೊಂದಿದರೂ ನೆಮ್ಮದಿ.

ಒಂಬತ್ತು ಹೊಂದಿ ಒಂದು ಹೊಂದದಿದ್ದರೆ ಆ ಒಂದು ಟ್ರ್ಯಾಕಿನಲ್ಲಿ ಓದುದೋಷ ಇದೆಯೆಂದೇ ತಿಳಿಯಿರಿ. ಕೊನೆಯ ಟ್ರ್ಯಾಕ್ ಆದ್ದರಿಂದ ಆಫ್‌ಸೆಟ್ ಕಾರಣ ಇರಬಹುದು ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ, ಕೊನೆಯ ಟ್ರ್ಯಾಕಿನ ಕಡೆಯ 5 ಸೆಕ್ಟರುಗಳನ್ನು ಆಕ್ಯುರೇಟ್‌ರಿಪ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊನೆಯ ಹಾಡುಗಳು ಇರುವುದು ಡಿಸ್ಕಿನ ಹೊರ ಅಂಚಿಗೆ ಹತ್ತಿರ. ಬೆರಳು ತಾಗುವುದು, ಡಬ್ಬಿಗೆ ಉಜ್ಜುವುದು, ಡಿಸ್ಕ್ ಸ್ವಲ್ಪ ಬಾಗಿದ್ದರೆ ಹೆಚ್ಚು ಏರಿಳಿಯುವುದು ಎಲ್ಲ ಅಲ್ಲೇ. ಒರೆಸಿ, ವೇಗ ಇಳಿಸಿ, ಆ ಟ್ರ್ಯಾಕನ್ನಷ್ಟೇ ಮತ್ತೆ ತೆಗೆಯಿರಿ.

ಎಲ್ಲ ಟ್ರ್ಯಾಕೂ ಒಟ್ಟಿಗೆ ಹೊಂದದಿದ್ದರೆ ಡಿಸ್ಕ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಆಫ್‌ಸೆಟ್ ತಪ್ಪಿರಬಹುದು, ಅಥವಾ ನಿಮ್ಮದು ಬೇರೆ ಅಚ್ಚಿನ ಪ್ರತಿ ಇರಬಹುದು. ಡೇಟಾಬೇಸಿನಲ್ಲೇ ಇಲ್ಲ ಎಂದರೆ ಅಂಥ ಡಿಸ್ಕನ್ನು ಇನ್ನೂ ಯಾರೂ ದಾಖಲಿಸಿಲ್ಲ ಎಂದಷ್ಟೇ ಅರ್ಥ. ಕಡಿಮೆ ಸಂಖ್ಯೆಯಲ್ಲಿ ಬಂದ ಡಿಸ್ಕುಗಳಿಗೆ ಇದು ಸಹಜ. ಆಗ ಟೆಸ್ಟ್ ಮತ್ತು ಕಾಪಿಯ ಎರಡು ಸಿಆರ್‌ಸಿ ಸಂಖ್ಯೆ (ಓದಿದ ಧ್ವನಿಯಿಂದ ಲೆಕ್ಕ ಹಾಕಿದ ತಾಳೆಯ ಸಂಖ್ಯೆ) ಒಂದೇ ಆಗಿವೆಯೇ ನೋಡಿ. ಅಪರೂಪದ ಡಿಸ್ಕಾದರೆ ಇನ್ನೊಂದು ಮಾದರಿಯ ಡ್ರೈವಿನಲ್ಲೂ ಓದಿಸಿ ಹೋಲಿಸಿ. ಎರಡು ಡ್ರೈವ್ ಒಂದೇ ಸಂಖ್ಯೆ ಕೊಟ್ಟರೆ ಅದಕ್ಕಿಂತ ದೊಡ್ಡ ಸಾಕ್ಷಿ ಮನೆಯಲ್ಲಿ ಸಿಗದು.

ಪ್ರಶ್ನೆ: ಫ್ಲ್ಯಾಕ್, ವೇವ್, ಎಂಪಿ3, ಎಎಸಿ, ಓಪಸ್ – ಯಾವುದು? ಸುಮಾರು 500 ಡಿಸ್ಕ್ ಇವೆ. ಎಷ್ಟು ಜಾಗ ಬೇಕು? ಪ್ಲೇಯರಿನಲ್ಲಿ 64 ಜಿಬಿ ಕಾರ್ಡ್ ಇದೆ.

ಉತ್ತರ: ಮೂಲಪ್ರತಿಗೆ ಫ್ಲ್ಯಾಕ್. ಇದರಲ್ಲಿ ಎರಡು ಮಾತಿಲ್ಲ. ಸಿ.ಡಿ.ಯಲ್ಲಿರುವ ಒಂದು ಬಿಟ್ಟನ್ನೂ ಕಳೆಯದೆ ಗಾತ್ರವನ್ನು ಸಾಮಾನ್ಯವಾಗಿ 50ರಿಂದ 70 ಶೇಕಡಕ್ಕೆ ಇಳಿಸುತ್ತದೆ, ಟ್ಯಾಗ್ (ಫೈಲಿನೊಳಗೆ ಬರೆದಿಡುವ ಹಾಡು, ಗಾಯಕರ ಹೆಸರು ಮುಂತಾದ ವಿವರ) ಚೆನ್ನಾಗಿ ಹಿಡಿಯುತ್ತದೆ, ಒಳಗಿನ ಧ್ವನಿಯ ಎಂಡಿ5 ಎಂಬ ತಾಳೆಯ ಮೊತ್ತವನ್ನು ಫೈಲಿನೊಳಗೇ ಬರೆದಿಡುತ್ತದೆ. ವೇವ್‌ನಲ್ಲೂ ಧ್ವನಿ ಅದೇ, ಆದರೆ ಟ್ಯಾಗುಗಳನ್ನು ಒಂದು ಪ್ಲೇಯರ್ ಓದಿದರೆ ಇನ್ನೊಂದು ಓದದು, ಕೆಟ್ಟರೆ ಗೊತ್ತೂ ಆಗದು. ಫ್ಲ್ಯಾಕ್‌ನಲ್ಲಿ 0ಯಿಂದ 8ರವರೆಗಿನ ಮಟ್ಟಗಳು ಗುಣಮಟ್ಟದ ಮಟ್ಟಗಳಲ್ಲ. ಎಷ್ಟು ಹೊತ್ತು ಯೋಚಿಸಿ ಕುಗ್ಗಿಸಬೇಕು ಎಂಬುದಷ್ಟೇ ಅಲ್ಲಿರುವುದು. ಮೊದಲೇ ಇರುವ 5 ಸಾಕು. ಆಪಲ್ ಮ್ಯೂಸಿಕ್ ಆ್ಯಪ್‌ನಲ್ಲೇ ಸಂಗ್ರಹ ಇಡುವವರಿಗೆ ಫ್ಲ್ಯಾಕ್ ಸೇರಿಸಲು ಬರುವುದಿಲ್ಲ, ಅವರು ಎಎಲ್ಎಸಿ ಆರಿಸಲಿ. ಅದೂ ನಷ್ಟವಿಲ್ಲದ್ದೇ, ಯಾವಾಗ ಬೇಕಾದರೂ ಫ್ಲ್ಯಾಕ್‌ಗೆ ತಿರುಗಿಸಬಹುದು.

ಲೆಕ್ಕ ಹೀಗಿದೆ. ಸಿ.ಡಿ. ಧ್ವನಿ ಸೆಕೆಂಡಿಗೆ 1,411 ಕಿಲೊಬಿಟ್. 60 ನಿಮಿಷದ ಡಿಸ್ಕ್ ವೇವ್‌ನಲ್ಲಿ ಸುಮಾರು 635 ಎಂಬಿ, ಫ್ಲ್ಯಾಕ್‌ನಲ್ಲಿ 350ರ ಆಸುಪಾಸು. ಒಂಟಿ ವಾದ್ಯ, ಮೆಲುದನಿಯ ಹಾಡು ಇನ್ನೂ ಕಡಿಮೆ, ಸದಾ ಅಬ್ಬರಿಸುವ ದಟ್ಟ ಸಂಗೀತ ಹೆಚ್ಚು. ಅಂತೂ 500 ಡಿಸ್ಕಿಗೆ ಸುಮಾರು 175 ಜಿಬಿ. ಅಷ್ಟು 64 ಜಿಬಿ ಕಾರ್ಡಿಗೆ ಹಿಡಿಯದು.

ಆದ್ದರಿಂದ ಫ್ಲ್ಯಾಕ್ ಕಂಪ್ಯೂಟರಿನಲ್ಲಿರಲಿ, ಪ್ಲೇಯರಿಗೆ ಬೇರೆ ಫೋಲ್ಡರಿನಲ್ಲಿ ಕುಗ್ಗಿಸಿದ ಪ್ರತಿ ಮಾಡಿ. ಪ್ಲೇಯರ್ ಓಪಸ್ ಓದುವುದಾದರೆ 128 ಕೆಬಿಪಿಎಸ್ (ಸೆಕೆಂಡಿಗೆ ಕಿಲೊಬಿಟ್) ಸಾಕು, 500 ಡಿಸ್ಕ್ ಸುಮಾರು 29 ಜಿಬಿ. ಎಲ್ಲ ಕಡೆಯೂ ಓಡಬೇಕಾದರೆ ಎಂಪಿ3, ಲೇಮ್ ಎನ್‌ಕೋಡರಿನ ವಿ2 ಮಟ್ಟ. ಅದು ಸರಾಸರಿ 190 ಕೆಬಿಪಿಎಸ್, ಒಟ್ಟು 43 ಜಿಬಿಯಷ್ಟು. ವಿ0 ಬಳಸಿದರೆ ಸರಾಸರಿ 245, ಒಟ್ಟು 55 ಜಿಬಿ. ವಿ0 ಕೂಡ ಕಾರ್ಡಿಗೆ ಹಿಡಿಯುತ್ತದೆ, ಆದರೆ ಆಮೇಲೆ ಉಳಿಯುವ ಜಾಗ ಕಡಿಮೆ. 320ಕ್ಕೆ ಹೋಗುವ ಅಗತ್ಯ ಕಾಣುವುದಿಲ್ಲ. ತಂತಿಯಿಲ್ಲದ ಇಯರ್‌ಫೋನ್ ಬಳಸುವವರು ಇನ್ನೊಂದು ಗಮನಿಸಿ: ಬ್ಲೂಟೂತ್ ಹೇಗೂ ಮತ್ತೊಮ್ಮೆ ಕುಗ್ಗಿಸಿಯೇ ಕಳಿಸುತ್ತದೆ.

44.1 ಕಿಲೊಹರ್ಟ್ಸ್, 16 ಬಿಟ್ ಇರುವುದನ್ನು 96 ಕಿಲೊಹರ್ಟ್ಸ್, 24 ಬಿಟ್ ಮಾಡಿ ಉಳಿಸಬೇಡಿ. ಫೈಲ್ ದಪ್ಪವಾಗುತ್ತದೆ, ಇಲ್ಲದ ಧ್ವನಿ ಹುಟ್ಟುವುದಿಲ್ಲ.

ಪ್ರಶ್ನೆ: ಗೀರು ಬಿದ್ದ ಡಿಸ್ಕುಗಳು ಸುಮಾರು ಇವೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಅದು ಕಟ್ಟಕಡೆಯ ಉಪಾಯ. ಅದಕ್ಕೂ ಮುಂಚೆ ಮಾಡಬೇಕಾದವು ಹಲವು.

ಲೇಸರ್ 1.2 ಮಿಲಿಮೀಟರ್ ದಪ್ಪದ ಪಾರದರ್ಶಕ ಪಾಲಿಕಾರ್ಬೊನೇಟನ್ನು ದಾಟಿ ಒಳಗಿನ ಪದರವನ್ನು ಓದುತ್ತದೆ. ಹೊಳೆಯುವ ಬದಿಯ ಮೇಲ್ಮೈಯಲ್ಲಿ ಅದರ ಕಿರಣ ಹರಡಿಕೊಂಡಿರುವುದರಿಂದ ಸಣ್ಣ ಧೂಳು, ಕೂದಲೆಳೆಯ ಗೀರು ಅದಕ್ಕೆ ಮಸುಕಾಗಿ ಕಾಣುತ್ತವೆ, ಅಷ್ಟಕ್ಕೆ ಓದು ನಿಲ್ಲದು. ಡಿಸ್ಕಿನಲ್ಲೇ ಇರುವ ತಪ್ಪು ತಿದ್ದುವ ವ್ಯವಸ್ಥೆ ಹಾದಿಯುದ್ದಕ್ಕೆ ಸುಮಾರು 2.5 ಮಿಲಿಮೀಟರ್ ಕಳೆದರೂ ಪೂರ್ತಿ ಮರಳಿ ಕಟ್ಟಬಲ್ಲದು. ಆದ್ದರಿಂದ ನಡುವಿನಿಂದ ಅಂಚಿಗೆ ನೇರ ಬಿದ್ದ ಗೀರು ನೋಡಲು ಭಯಂಕರವಾದರೂ ಪ್ರತಿ ಸುತ್ತಿನಲ್ಲಿ ಒಂದು ಕ್ಷಣ ಮಾತ್ರ ಅಡ್ಡ ಬರುತ್ತದೆ. ಸುತ್ತಿನ ಜೊತೆಗೇ ಸಾಗುವ ಗೀರು ತೆಳ್ಳಗಿದ್ದರೂ ಹಾಡನ್ನು ನುಂಗುತ್ತದೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ಸುತ್ತಿಸಬೇಡಿ ಎನ್ನುವುದು ಇದಕ್ಕೇ.

ಮೊದಲು ನಲ್ಲಿಯ ತಣ್ಣೀರಿನಡಿ ಹಿಡಿದು ಧೂಳು ತೊಳೆದುಹೋಗಲು ಬಿಡಿ. ಜಿಡ್ಡು, ಬೆರಳಚ್ಚು ಇದ್ದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ನೀರಿನಲ್ಲಿ ಬೆರೆಸಿ ಬೆರಳ ತುದಿಯಿಂದ ಸವರಿ ತೊಳೆಯಿರಿ. ಮೈಕ್ರೊಫೈಬರ್ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ಪೂರ್ತಿ ಒಣಗಿಸಿ. ಪೇಪರ್ ಟಿಶ್ಯೂ ಬೇಡ, ಅಸಿಟೋನ್, ಥಿನ್ನರ್ ಹತ್ತಿರವೂ ತರಬೇಡಿ, ಪಾಲಿಕಾರ್ಬೊನೇಟ್ ಮಂಜಾಗುತ್ತದೆ. ಓದಲು ಆಗುತ್ತಿಲ್ಲ ಎಂದ ಡಿಸ್ಕುಗಳಲ್ಲಿ ಎಷ್ಟೋ ಇಷ್ಟಕ್ಕೇ ಸರಿಹೋಗುತ್ತವೆ.

ಆಮೇಲೂ ತಪ್ಪು ಬಂದರೆ ವೇಗವನ್ನು 8ಎಕ್ಸ್ ಅಥವಾ 4ಎಕ್ಸ್‌ಗೆ ಇಳಿಸಿ. ಆಗದಿದ್ದರೆ ಬೇರೆ ಡ್ರೈವಿನಲ್ಲಿ ಹಾಕಿ. ಒಂದು ಡ್ರೈವ್ ಕೈಚೆಲ್ಲಿದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದು ಸಾಮಾನ್ಯ, ಲೇಸರಿನ ಶಕ್ತಿ, ಹಿಂಬಾಲಿಸುವ ನೈಪುಣ್ಯ ಒಂದೊಂದರಲ್ಲಿ ಒಂದೊಂದು ಬಗೆ. ಡೆಸ್ಕ್‌ಟಾಪ್ ಕಂಪ್ಯೂಟರಿನ ದಪ್ಪ ಡ್ರೈವ್ ಸಿಕ್ಕರೆ ಅದರಲ್ಲೂ ನೋಡಿ. ಮೂರನೇ ದಾರಿ, ಕ್ಯೂರಿಪ್ಪರ್ ಸೇರಿರುವ ಕ್ಯೂಟೂಲ್ಸ್ ಎಂಬ ತಂತ್ರಾಂಶದ ಡೇಟಾಬೇಸ್. ಅದು ಹೋಲಿಕೆಯ ಮೊತ್ತದ ಜೊತೆಗೆ ದುರಸ್ತಿಗೆ ಬೇಕಾದ ಹೆಚ್ಚುವರಿ ಮಾಹಿತಿಯನ್ನೂ ಇಟ್ಟಿರುತ್ತದೆ. ಡಿಸ್ಕ್ ಅಲ್ಲಿ ದಾಖಲಾಗಿದ್ದು, ಕೆಟ್ಟದ್ದು ಸ್ವಲ್ಪವೇ ಆಗಿದ್ದರೆ, ನಿಮ್ಮ ರಿಪ್‌ನ ತಪ್ಪು ಬೈಟುಗಳನ್ನು ಮೂಲದಂತೆಯೇ ತಿದ್ದಿಕೊಡುತ್ತದೆ. ಇದು ಅಂದಾಜಿನ ತೇಪೆಯಲ್ಲ, ನಿಜವಾದ ಮೂಲ.

ಇಷ್ಟೆಲ್ಲ ಸೋತ ಮೇಲೆ, ಗೀರು ಆಳವಿಲ್ಲದಿದ್ದರೆ, ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ನಡುವಿನಿಂದ ಅಂಚಿಗೆ ಉಜ್ಜಬಹುದು. ಟೂತ್‌ಪೇಸ್ಟಿನ ಕಣಗಳು ಒಂದೊಂದರಲ್ಲಿ ಒಂದೊಂದು ಒರಟು, ನಂಬುವಂತಿಲ್ಲ. ಉಜ್ಜುವ ಮುಂಚೆ ಓದಲು ಬರುವ ಟ್ರ್ಯಾಕುಗಳನ್ನೆಲ್ಲ ತೆಗೆದಿಟ್ಟುಕೊಳ್ಳಿ.

ನಿಜವಾಗಿ ಹೆದರಬೇಕಾದದ್ದು ಹೆಸರು ಅಚ್ಚಾದ ಬದಿಯ ಗೀರಿಗೆ. ಪ್ರತಿಫಲಿಸುವ ಲೋಹದ ಪದರ ಇರುವುದು ಅದರ ಬೆನ್ನಿಗೇ, ನಡುವೆ ತೆಳುವಾದ ಮೆರುಗೆಣ್ಣೆ ಮಾತ್ರ. ಆ ಪದರ ಹರಿದರೆ ಯಾವ ಪಾಲಿಶೂ ಉಪಯೋಗವಿಲ್ಲ. ಡಿಸ್ಕನ್ನು ದೀಪಕ್ಕೆ ಹಿಡಿದು ನೋಡಿ, ಸೂಜಿಮೊನೆಯಂಥ ಬೆಳಕಿನ ಚುಕ್ಕೆಗಳು ಕಂಡರೆ ಲೋಹ ಅಲ್ಲಲ್ಲಿ ಹೋಗಿದೆ ಎಂದು. ಅಂಥವನ್ನೂ, ಕಂಪ್ಯೂಟರಿನಲ್ಲಿ ಬರೆದುಕೊಂಡ ಸಿ.ಡಿ.–ಆರ್‌ಗಳನ್ನೂ ಸರದಿಯಲ್ಲಿ ಎಲ್ಲಕ್ಕಿಂತ ಮೊದಲು ರಿಪ್ ಮಾಡಿ. ಸಿ.ಡಿ.–ಆರ್‌ನಲ್ಲಿ ದತ್ತಾಂಶ ಇರುವುದು ಬಣ್ಣದ ಪದರದಲ್ಲಿ, ಬೆಳಕು, ಶಾಖಕ್ಕೆ ಅದು ಮಾಸುತ್ತದೆ.

ಪ್ರಶ್ನೆ: ಯುಎಸ್‌ಬಿ ಸ್ಲಿಮ್ ಡ್ರೈವ್ ಡಿಸ್ಕ್ ಹಾಕಿದ ಕೂಡಲೇ ಟಕಟಕ ಎಂದು ಸದ್ದು ಮಾಡಿ ಕಂಪ್ಯೂಟರಿನಿಂದ ಮಾಯವಾಗುತ್ತದೆ. ಡ್ರೈವ್ ಹಾಳಾಗಿದೆಯೇ?

ಉತ್ತರ: ಬಹುಪಾಲು ಕರೆಂಟ್ ಸಾಲುತ್ತಿಲ್ಲ. ಯುಎಸ್‌ಬಿ 2 ಕಿಂಡಿ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಮೋಟಾರ್ ತಿರುಗಲು ಶುರುವಾಗುವಾಗ ಅದಕ್ಕಿಂತ ಹೆಚ್ಚು ಬೇಡಬಹುದು. ಹಬ್ ಬಿಟ್ಟು ಕಂಪ್ಯೂಟರಿಗೇ ನೇರ ಚುಚ್ಚಿ, ಗಿಡ್ಡ ಕೇಬಲ್ ಬಳಸಿ. ಆಗಲೂ ಬರದಿದ್ದರೆ ತನ್ನದೇ ಅಡಾಪ್ಟರ್ ಇರುವ ಹಬ್‌ನಿಂದ ಕೊಟ್ಟು ನೋಡಿ. 8 ಸೆಂಟಿಮೀಟರಿನ ಪುಟ್ಟ ಡಿಸ್ಕನ್ನು, ತಟ್ಟೆಯಿಲ್ಲದೆ ಸೀಳಿನಲ್ಲಿ ಒಳಗೆಳೆದುಕೊಳ್ಳುವ ಡ್ರೈವಿಗೆ ಹಾಕಲೇಬೇಡಿ.

ಪ್ರಶ್ನೆ: ಹಾಡಿನ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಚೆನ್ನಾಗಿವೆ. ಒಂದು ಪ್ಲೇಯರಿನಲ್ಲಿ ಬರೀ ಚೌಕಗಳು, ಹಳೆಯ ಫೈಲುಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು. ಕೆಲವು ಡಿಸ್ಕಿಗೆ ಬೇರೆ ಯಾವುದೋ ಆಲ್ಬಮ್ಮಿನ ಹೆಸರೇ ಬರುತ್ತದೆ.

ಉತ್ತರ: ಚೌಕ ಕಂಡರೆ ಗಾಬರಿ ಬೇಡ. ಹೆಸರು ಫೈಲಿನಲ್ಲಿ ಸರಿಯಾಗೇ ಇದೆ, ಆ ಪ್ಲೇಯರಿನಲ್ಲಿ ಕನ್ನಡ ಅಕ್ಷರವಿನ್ಯಾಸ ಇಲ್ಲ. ಅಕ್ಷರ ಇದ್ದೂ ಒತ್ತುಗಳು, ಗುಣಿತದ ಚಿಹ್ನೆಗಳು ಬಿಡಿಬಿಡಿಯಾಗಿ ನಿಂತರೆ ಅವುಗಳನ್ನು ಜೋಡಿಸುವ ಸಾಮರ್ಥ್ಯ ಅದಕ್ಕಿಲ್ಲ. ವಿಚಿತ್ರ ಲ್ಯಾಟಿನ್ ಅಕ್ಷರಗಳ ಸಾಲು ಕಂಡರೆ ಒಂದು ಸಂಕೇತದಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದಲಾಗುತ್ತಿದೆ, ಹೆಚ್ಚಾಗಿ ಸರಿಪಡಿಸಬಹುದು. ಪ್ರಶ್ನಾರ್ಥಕಗಳದ್ದು ಬೇರೆ ಕಥೆ. ಯೂನಿಕೋಡ್ ಅರಿಯದ ತಂತ್ರಾಂಶವೊಂದು ಉಳಿಸುವಾಗಲೇ ಅಕ್ಷರಗಳನ್ನು ಕಳೆದಿದೆ, ಹೊಸದಾಗಿ ಬರೆಯದೆ ದಾರಿಯಿಲ್ಲ.

ಫ್ಲ್ಯಾಕ್ ಟ್ಯಾಗುಗಳು ಯಾವಾಗಲೂ ಯುಟಿಎಫ್–8 (ಯೂನಿಕೋಡ್ ಬರೆಯುವ ಒಂದು ಬಗೆ), ಅಲ್ಲಿ ತೊಂದರೆಯಿಲ್ಲ. ಎಂಪಿ3ಗೆ ಐಡಿ3 ಎಂಬ ಟ್ಯಾಗ್ ವ್ಯವಸ್ಥೆಯ ಆವೃತ್ತಿ 2.3ನ್ನು ಯುಟಿಎಫ್–16ರಲ್ಲಿ ಬರೆಯುವಂತೆ ಇಡಿ. ಹಳೆಯ ಪ್ಲೇಯರುಗಳಲ್ಲಿ ಹಲವು 2.4ನ್ನು ಸರಿಯಾಗಿ ಓದುವುದಿಲ್ಲ. ಕನ್ನಡ ತೋರಿಸಲಾರದ ಪ್ಲೇಯರಿಗಾಗಿ ಮೂಲಪ್ರತಿಯನ್ನು ಕೆಡಿಸಬೇಡಿ, ಅದರಲ್ಲಿ ಕನ್ನಡವೇ ಇರಲಿ. ಪ್ಲೇಯರಿನ ಪ್ರತಿಯಲ್ಲಿ ಮಾತ್ರ ಲ್ಯಾಟಿನ್ ಲಿಪಿಗೆ ತಿರುಗಿಸಿ. ಫೈಲಿನ ಹೆಸರು ಕನ್ನಡದಲ್ಲಿಡುವವರು ಉದ್ದದ ಮೇಲೆ ಕಣ್ಣಿಡಿ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಅಕ್ಷರ, ಗುಣಿತಚಿಹ್ನೆ ಪ್ರತಿಯೊಂದೂ 3 ಬೈಟ್, ಒತ್ತು 6 ಬೈಟ್ ತಿನ್ನುವುದರಿಂದ ಉದ್ದ ಹೆಸರು ಬೇಗ ಮಿತಿ ಮುಟ್ಟುತ್ತದೆ.

ತಪ್ಪು ಆಲ್ಬಮ್ ಬರುವುದಕ್ಕೆ ಕಾರಣ, ಹೆಚ್ಚಿನ ಡಿಸ್ಕುಗಳಲ್ಲಿ ಹೆಸರೇ ಬರೆದಿರುವುದಿಲ್ಲ. ತಂತ್ರಾಂಶ ಹಾಡುಗಳ ಸಂಖ್ಯೆ, ಅವು ಶುರುವಾಗುವ ಜಾಗಗಳಿಂದ ಒಂದು ಗುರುತು ಕಟ್ಟಿ ಡೇಟಾಬೇಸನ್ನು ಕೇಳುತ್ತದೆ. ಎರಡು ಡಿಸ್ಕಿನ ಗುರುತು ಕಾಕತಾಳೀಯವಾಗಿ ಒಂದೇ ಆಗಬಹುದು. ಹಲವು ಹಳೆಯ ತಂತ್ರಾಂಶಗಳು ನಂಬಿಕೊಂಡಿದ್ದ ಫ್ರೀಡಿಬಿ ಎಂಬ ಡೇಟಾಬೇಸ್ 2020ರಲ್ಲಿ ಮುಚ್ಚಿತು. ತಂತ್ರಾಂಶವನ್ನು ಮ್ಯೂಸಿಕ್‌ಬ್ರೈನ್ಸ್ ಡೇಟಾಬೇಸಿನ ಕಡೆ ತಿರುಗಿಸಿ. ಅದರದೇ ಪಿಕಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ರಿಪ್ ಆದ ಮೇಲೂ ಟ್ಯಾಗ್ ತಿದ್ದಬಹುದು. ಹೆಸರುಗಳನ್ನು ತುಂಬಿದವರು ಸ್ವಯಂಸೇವಕರು, ಡಬ್ಬಿಯ ಜೊತೆ ತಾಳೆ ನೋಡುವುದು ನಿಮ್ಮ ಪಾಲಿನ ಕೆಲಸ. ಬೇರೆ ಬೇರೆ ಗಾಯಕರಿರುವ ಡಿಸ್ಕಿಗೆ ‘ಆಲ್ಬಮ್ ಆರ್ಟಿಸ್ಟ್’ ಟ್ಯಾಗನ್ನು ಎಲ್ಲ ಹಾಡಿಗೂ ಒಂದೇ ಕೊಡಿ. ಕೊಡದಿದ್ದರೆ ಪ್ಲೇಯರ್ ಆ ಒಂದು ಡಿಸ್ಕನ್ನು ಹತ್ತು ಚೂರು ಮಾಡಿ ತೋರಿಸುತ್ತದೆ.

ಪ್ರಶ್ನೆ: ಪ್ಲೇಯರಿನಲ್ಲಿ ಹಾಡುಗಳು 1, 10, 11, 2 ಎಂಬ ಕ್ರಮದಲ್ಲಿ ಬರುತ್ತವೆ. ಕೆಲವು ಫೋಲ್ಡರುಗಳಲ್ಲಂತೂ ಕ್ರಮವೇ ಇಲ್ಲ. ಮುಖಪುಟದ ಚಿತ್ರವೂ ಕಾಣುವುದಿಲ್ಲ.

ಉತ್ತರ: ಫೈಲಿನ ಹೆಸರು 01, 02 ಎಂದು ಎರಡು ಅಂಕಿಯಲ್ಲಿ ಶುರುವಾಗಲಿ, ಮೊದಲ ತೊಂದರೆ ತೀರಿತು. ಕ್ರಮವೇ ಇಲ್ಲದಿರುವುದಕ್ಕೆ ಕಾರಣ, ಸರಳ ಪ್ಲೇಯರುಗಳು ಹೆಸರನ್ನೂ ಟ್ಯಾಗನ್ನೂ ನೋಡದೆ ಕಾರ್ಡಿಗೆ ಫೈಲ್ ಬರೆದ ಕ್ರಮದಲ್ಲೇ ನುಡಿಸುತ್ತವೆ. ಫೋಲ್ಡರನ್ನು ಅಳಿಸಿ ಫೈಲುಗಳನ್ನು ಕ್ರಮವಾಗಿ ಮತ್ತೆ ಕಾಪಿ ಮಾಡಿ, ಅಥವಾ ಕಾರ್ಡಿನ ಫೈಲುಗಳ ಪಟ್ಟಿಯನ್ನು (ಫ್ಯಾಟ್) ವಿಂಗಡಿಸುವ ಉಪಕರಣ ಬಳಸಿ. ಚಿತ್ರಕ್ಕೆ 500 ಅಥವಾ 600 ಪಿಕ್ಸೆಲ್ ಚೌಕದ ಜೆಪೆಗ್ ಸಾಕು. ಅದು ‘ಬೇಸ್‌ಲೈನ್’ ಬಗೆಯದಾಗಿರಲಿ, ‘ಪ್ರೊಗ್ರೆಸಿವ್’ ಜೆಪೆಗ್ ಅನೇಕ ಪ್ಲೇಯರುಗಳಿಗೆ ಓದಲು ಬರುವುದಿಲ್ಲ.

ಪ್ರಶ್ನೆ: ಕಛೇರಿಯ ಡಿಸ್ಕಿನಲ್ಲಿ ಚಪ್ಪಾಳೆ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹರಿಯುತ್ತದೆ. ಎಂಪಿ3 ಮಾಡಿದ ಮೇಲೆ ಅಲ್ಲಿ ತುಂಡಾಗುತ್ತದೆ.

ಉತ್ತರ: ಎಂಪಿ3 ಧ್ವನಿಯನ್ನು 1152 ಸ್ಯಾಂಪಲ್‌ಗಳ ಕಟ್ಟುಗಳಾಗಿಯೇ ಉಳಿಸಬಲ್ಲದು. ಮುಂದೆ ಎನ್‌ಕೋಡರ್ ಸೇರಿಸುವ ತಡ, ಹಿಂದೆ ಕೊನೆಯ ಕಟ್ಟು ತುಂಬಲು ಹಾಕುವ ಮೌನ, ಎರಡೂ ಸೇರಿ ಆ ತುಂಡು ಕೇಳಿಸುತ್ತದೆ. ಲೇಮ್ ಎನ್‌ಕೋಡರ್ ಎಷ್ಟು ಸೇರಿಸಿದೆ ಎಂದು ಫೈಲಿನಲ್ಲೇ ಬರೆದಿಡುತ್ತದೆ. ‘ಗ್ಯಾಪ್‌ಲೆಸ್’ ಬಲ್ಲ ಪ್ಲೇಯರ್ ಅದನ್ನು ಓದಿ ಕತ್ತರಿಸುತ್ತದೆ, ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಿ. ಪ್ಲೇಯರಿಗೆ ಆ ಶಕ್ತಿ ಇಲ್ಲದಿದ್ದರೆ ಅಂಥ ಡಿಸ್ಕುಗಳನ್ನು ಮಾತ್ರ ಇಡೀ ಒಂದೇ ಫೈಲಾಗಿ ಮಾಡಿ ಹಾಕಿಕೊಳ್ಳಿ. ಫ್ಲ್ಯಾಕ್‌ನಲ್ಲಿ ಈ ಹೆಚ್ಚುವರಿ ಮೌನ ಇಲ್ಲ. ಫ್ಲ್ಯಾಕ್‌ನಲ್ಲೂ ತುಂಡಾದರೆ ತಪ್ಪು ಪ್ಲೇಯರಿನದು.

ಪ್ರಶ್ನೆ: ಒಂದು ಡಿಸ್ಕ್ ಪಿಸುಗುಟ್ಟಿದರೆ ಇನ್ನೊಂದು ಕಿರುಚುತ್ತದೆ. ರಿಪ್ ಮಾಡುವಾಗಲೇ ಸಮ ಮಾಡಬಾರದೇ?

ಉತ್ತರ: ಮೂಲವನ್ನು ಮುಟ್ಟದೆ ಸಮ ಮಾಡುವ ದಾರಿ ಇದೆ: ರಿಪ್ಲೇಗೇನ್. ಎಷ್ಟು ಡೆಸಿಬೆಲ್ ಏರಿಸಬೇಕು, ಇಳಿಸಬೇಕು ಎಂಬುದನ್ನು ಟ್ಯಾಗಿನಲ್ಲಷ್ಟೇ ಬರೆಯುತ್ತದೆ. ‘ಆಲ್ಬಮ್’ ಲೆಕ್ಕ ಬಳಸಿದರೆ ಡಿಸ್ಕಿನೊಳಗಿನ ಮೆಲು ಹಾಡು ಮೆಲುವಾಗೇ ಉಳಿಯುತ್ತದೆ. ಪ್ಲೇಯರ್ ಈ ಟ್ಯಾಗ್ ಓದದಿದ್ದರೆ ಫೂಬಾರ್2000 ಎಂಬ ತಂತ್ರಾಂಶದಲ್ಲಿ ಪ್ಲೇಯರಿನ ಪ್ರತಿ ಮಾಡುವಾಗ ಅದನ್ನು ಧ್ವನಿಗೇ ಅನ್ವಯಿಸಿ.

ಪ್ರಶ್ನೆ: 1980ರ ದಶಕದ ಒಂದೆರಡು ಡಿಸ್ಕ್ ಪ್ಲೇಯರಿನಲ್ಲಿ ಹಿತವಾಗಿವೆ, ರಿಪ್ ಮಾಡಿದರೆ ಕೀಚಲಾಗಿ ಕೇಳುತ್ತವೆ. ಲಾಗ್‌ನಲ್ಲಿ ತಪ್ಪೇನೂ ಇಲ್ಲ.

ಉತ್ತರ: ಒಳ್ಳೆಯ ಕಿವಿ. ಅವು ಪ್ರೀ-ಎಂಫಸಿಸ್ ಇರುವ ಡಿಸ್ಕುಗಳಿರಬೇಕು. ಆ ಕಾಲದ ಕೆಲವು ಡಿಸ್ಕುಗಳಲ್ಲಿ ಮೇಲಿನ ಸ್ವರಗಳನ್ನು ಬೇಕೆಂದೇ ಎತ್ತಿ ಬರೆದು, ನುಡಿಸುವಾಗ ಅಷ್ಟನ್ನೇ ಇಳಿಸಲು ಒಂದು ಗುರುತು ಹಾಕುತ್ತಿದ್ದರು. ಸಿ.ಡಿ. ಪ್ಲೇಯರ್ ಆ ಗುರುತನ್ನು ಪಾಲಿಸುತ್ತದೆ. ಕಂಪ್ಯೂಟರ್ ಬರೀ ಅಂಕಿಗಳನ್ನು ಎತ್ತಿಕೊಳ್ಳುವಾಗ ಗುರುತು ಹಿಂದೆ ಉಳಿಯುತ್ತದೆ. ಇಎಸಿಯ ಟ್ರ್ಯಾಕ್ ಪಟ್ಟಿಯಲ್ಲಿ ಪ್ರೀ-ಎಂಫಸಿಸ್ ಎಂಬ ಕಾಲಂ ನೋಡಿ. ಕೆಲವು ಡಿಸ್ಕಿನಲ್ಲಿ ಗುರುತು ಪಟ್ಟಿಯಲ್ಲಿರದೆ ಹಾಡಿನ ಜೊತೆಗಿನ ಸಬ್‌ಕೋಡ್‌ನಲ್ಲಿ ಮಾತ್ರ ಇರುತ್ತದೆ, ಕ್ಯೂ ಶೀಟ್ (ಟ್ರ್ಯಾಕುಗಳ ವಿವರ ಇರುವ ಪಠ್ಯ ಫೈಲ್) ತಯಾರಿಸುವಾಗ ಅದು ಪತ್ತೆಯಾಗುತ್ತದೆ. ಮೂಲ ಫ್ಲ್ಯಾಕ್ ಇದ್ದಂತೇ ಇರಲಿ, ಅದರ ಟ್ಯಾಗಿನಲ್ಲಿ ಈ ವಿಷಯ ಬರೆದಿಡಿ. ಕೇಳುವ ಪ್ರತಿಯನ್ನು ಸಾಕ್ಸ್ ಎಂಬ ಉಚಿತ ಉಪಕರಣದ ಡಿ-ಎಂಫಸಿಸ್ ಮೂಲಕ ಹಾಯಿಸಿ ಮಾಡಿ.

ಪ್ರಶ್ನೆ: ನೂರು ಹಾಡಿರುವ ಒಂದು ಡಿಸ್ಕಿದೆ. ಇಎಸಿ ಅದನ್ನು ರಿಪ್ ಮಾಡಲು ಒಪ್ಪುವುದಿಲ್ಲ.

ಉತ್ತರ: ಅದು ಎಂಪಿ3 ಫೈಲುಗಳ ದತ್ತಾಂಶ ಡಿಸ್ಕ್. ಇಲ್ಲಿ ಮಾತ್ರ ಕಾಪಿ–ಪೇಸ್ಟ್ ಮಾಡುವುದೇ ಸರಿ. ಫ್ಲ್ಯಾಕ್‌ಗೆ ಪರಿವರ್ತಿಸಬೇಡಿ, ಎಂಪಿ3 ಮಾಡಿದಾಗ ಹೋದದ್ದು ಮರಳಿ ಬಾರದು.

ಪ್ರಶ್ನೆ: ಎಲ್ಲ ಮುಗಿಯಿತು. ಈಗ ಡಿಸ್ಕುಗಳನ್ನು ಕೊಟ್ಟುಬಿಡಬಹುದೇ? ಫೈಲುಗಳನ್ನು ಎಷ್ಟು ಕಡೆ ಇಡಬೇಕು?

ಉತ್ತರ: ಡಿಸ್ಕುಗಳನ್ನು ಕೊಡಬೇಡಿ. ಅವೇ ಕೊನೆಯ ಬ್ಯಾಕಪ್, ಫೈಲುಗಳು ಸಲ್ಲುವಂತೆ ನಿಮ್ಮವು ಎನ್ನಲು ಆಧಾರವೂ ಅವೇ. ಡಬ್ಬಿಯಲ್ಲಿ, ನಿಲ್ಲಿಸಿ, ಬಿಸಿಲು, ತೇವ ತಾಗದ ಕಡೆ ಇಡಿ. ಒಳಪುಸ್ತಿಕೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿಗೆ ಸೇರಿಸಿ. ವಾದ್ಯಗಾರರ ಹೆಸರು, ಧ್ವನಿಮುದ್ರಣದ ವಿವರ ಎಷ್ಟೋ ಸಲ ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ.

ಫೈಲುಗಳು ಮೂರು ಕಡೆ ಇರಲಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಇನ್ನೊಂದು ಹಾರ್ಡ್ ಡಿಸ್ಕ್ ಬೇರೆ ಮನೆಯಲ್ಲಿ. ಪ್ಲೇಯರಿನ ಕಾರ್ಡ್ ಬ್ಯಾಕಪ್ ಅಲ್ಲ. ವರ್ಷಕ್ಕೊಮ್ಮೆ ಪ್ರತಿಗಳನ್ನು ಪರೀಕ್ಷಿಸಿ. ಫ್ಲ್ಯಾಕ್ ಉಪಕರಣದ ‘ಟೆಸ್ಟ್’ ಆಜ್ಞೆ ಪ್ರತಿ ಫೈಲನ್ನೂ ಬಿಚ್ಚಿ, ಒಳಗಿರುವ ಎಂಡಿ5 ಮೊತ್ತದ ಜೊತೆ ಹೋಲಿಸುತ್ತದೆ. ಒಂದು ಪ್ರತಿಯಲ್ಲಿ ಕೆಟ್ಟ ಫೈಲ್ ಸಿಕ್ಕರೆ, ಪರೀಕ್ಷೆ ಪಾಸಾದ ಇನ್ನೊಂದು ಪ್ರತಿಯಿಂದ ತಂದು ಹಾಕಿ. ಪರೀಕ್ಷಿಸದೆ ಹೊಸದರ ಮೇಲೆ ಹಳೆಯದನ್ನು, ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋದರೆ ಕೆಟ್ಟ ಫೈಲೇ ಮೂರೂ ಕಡೆ ತಲುಪುತ್ತದೆ.